ಕನ್ನಡಿ ಅಕ್ಕ ನಾಲ್ಕನೆಯ ಚಕ್ರ ಉಜ್ಜಲಿಲ್ಲ

ಟೈರ್ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕಾರಿನ ಅಲ್ಯೂಮಿನಿಯಂ ಚಕ್ರಗಳಿಗೆ ಹೊಳಪು ಕೊಡುವ ಹೆಂಗಸನ್ನು ಎಲ್ಲರೂ ಕನ್ನಡಿ ಅಕ್ಕ ಎಂದೇ ಕರೆಯುತ್ತಾರೆ. ಆಕೆ ಒರೆಸಿಟ್ಟ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಗಿರಾಕಿಗಳು ಮೀಸೆ ತಿದ್ದಿಕೊಂಡದ್ದನ್ನು ನಾನೇ ಕಂಡಿದ್ದೇನೆ.

ವಯಸ್ಸು ಐವತ್ತೆರಡು. ಈ ಕೆಲಸಕ್ಕೆ ಬರುವ ಮೊದಲು ಹದಿನೆಂಟು ವರ್ಷ ಸ್ಟೀಲ್ ಪಾತ್ರೆಯ ಕಾರ್ಖಾನೆಯಲ್ಲಿ ಪಾಲಿಶ್ ಯಂತ್ರದ ಮುಂದೆ ನಿಂತವಳು. ಕಾರ್ಖಾನೆ ಮುಚ್ಚಿದ ವಾರವೇ ತಮ್ಮನ ಟೈರ್ ಅಂಗಡಿಗೆ ಬಂದು, “ಹಿಂದಿನ ಶೆಡ್ಡು ಖಾಲಿ ಬಿದ್ದಿದೆಯಲ್ಲ, ನನಗೆ ಕೊಡು” ಅಂದಳು.

ತಮ್ಮ ನಕ್ಕ. “ಅಕ್ಕಾ, ಇದು ಪಾತ್ರೆ ತಿಕ್ಕೋ ಕೆಲಸ ಅಲ್ಲ. ಕಾರಿನ ಚಕ್ರ.”

“ಎರಡೂ ದುಂಡಗೇ ಇರೋದು ತಾನೆ?”

ಗುಜರಿಗೆ ಹೋಗಬೇಕಿದ್ದ ಒಂದು ಚಕ್ರವನ್ನು ಎಳೆದುಕೊಂಡು ಹೋಗಿ ನಾಲ್ಕು ದಿನ ಅದರ ಜೊತೆ ಗುದ್ದಾಡಿದಳು. ಮೇಲಿನ ಹಳೆಯ ವಾರ್ನಿಶ್ ಪೂರ್ತಿ ಕೆರೆದು ತೆಗೆಯದೆ ಹೊಳಪು ಬರುವುದಿಲ್ಲ ಎಂದು ಮೊದಲ ದಿನ ಕಲಿತಳು. ಒರಟು ಉಪ್ಪುಕಾಗದದಿಂದ ಶುರುಮಾಡಿ, ನೀರು ಹಾಕುತ್ತ, ನಯದಿಂದ ಇನ್ನೂ ನಯಕ್ಕೆ ಇಳಿಯಬೇಕು. ನಡುವೆ ಒಂದು ಮೆಟ್ಟಿಲು ಹಾರಿದರೆ ಕೊನೆಯಲ್ಲಿ ಗೀರು ಹಲ್ಲು ಕಿಸಿಯುತ್ತದೆ ಎಂಬುದು ಎರಡನೆಯ ದಿನದ ಪಾಠ. ಅಲ್ಯೂಮಿನಿಯಂ ಉಜ್ಜಿದಷ್ಟೂ ಕಪ್ಪು ಬಿಡುತ್ತದೆ. ಹೊಸಬರು ಅದನ್ನು ಕೊಳೆ ಅಂದುಕೊಂಡು ಗಾಬರಿಯಾಗುತ್ತಾರೆ. ಆಕೆ ಗಾಬರಿಯಾಗಲಿಲ್ಲ. ಪಾಲಿಶ್ ಯಂತ್ರಕ್ಕೆ ಬೇಕಾದ ಬಟ್ಟೆಯ ಬಿಲ್ಲೆಗಳನ್ನು ಗಂಡನ ಕೈಯಲ್ಲಿ ಹೊಲಿಸಿದಳು. ಅವನು ದರ್ಜಿ. ಮಿಕ್ಕ ಹತ್ತಿ ಬಟ್ಟೆಯನ್ನು ದುಂಡಗೆ ಕತ್ತರಿಸಿ, ಇಪ್ಪತ್ತು ಪದರ ಸೇರಿಸಿ, ಸುತ್ತುಸುತ್ತಾಗಿ ಹೊಲಿದುಕೊಟ್ಟು, “ಇಷ್ಟು ವರ್ಷ ಊರಿಗೆಲ್ಲ ಅಂಗಿ ಹೊಲಿದೆ, ಈಗ ಕಾರಿಗೂ ಹೊಲಿದ ಹಾಗಾಯ್ತು” ಎಂದ. ಐದನೆಯ ದಿನ ಶೆಡ್ಡಿಗೆ ಬಂದ ತಮ್ಮನು ಚಕ್ರದಲ್ಲಿ ತನ್ನ ಮುಖ ನೋಡಿಕೊಂಡು, ಶೆಡ್ಡಿನ ಬೀಗದ ಕೈ ಅಕ್ಕನ ಕೈಗಿಟ್ಟ.

ಆರು ವರ್ಷ ಕಳೆದ ಮೇಲೆ ಹಲ್ಲಿನ ಡಾಕ್ಟರಮ್ಮ ಬಂದರು. ನಲವತ್ತರ ಆಸುಪಾಸಿನವರು, ಮಾತು ಚುರುಕು. ಅವರ ಹತ್ತಿರ ತಂದೆ ಓಡಿಸುತ್ತಿದ್ದ ಹಳೆಯ ಪುಟ್ಟ ಕಾರೊಂದಿತ್ತು. ಇನ್ನು ಎಂಟು ದಿನಕ್ಕೆ ಗುಡ್ಡದ ರಸ್ತೆಯಲ್ಲಿ ಕಾರು ಓಟದ ಸ್ಪರ್ಧೆ. ಹೋದ ವರ್ಷ ಅದರಲ್ಲಿ ಹನ್ನೊಂದನೆಯವರಾಗಿ ಬಂದದ್ದು ಅವರಿಗೆ ಇನ್ನೂ ಉರಿಯುತ್ತಿತ್ತು.

“ಅಕ್ಕಾ, ಚಕ್ರ ನಾಲ್ಕೂ ಫಳಫಳ ಅನ್ಬೇಕು. ಟೈರೂ ಹೊಸದು, ಓಟದ ಟೈರು. ನಿಮ್ಮಲ್ಲಿರೋದ್ರಲ್ಲೇ ಅತಿ ಅಗಲದ್ದು ಹಾಕಿ.”

ಕನ್ನಡಿ ಅಕ್ಕ ಹಳೆಯ ಟೈರುಗಳ ಮೇಲೆ ಬೆರಳಾಡಿಸಿದಳು. ಅವು ಬೋಳುತಲೆಯಷ್ಟು ನುಣ್ಣಗಿದ್ದವು. “ಇದ್ರಲ್ಲೇ ಇಲ್ಲೀತನಕ ಬಂದ್ರಾ ಡಾಕ್ಟ್ರೇ? ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಬೇಕು ಅಂತ ಬಂದಿದ್ದೀರಲ್ಲ! ಇರ್ಲಿ, ಎರಡೂ ಮಾಡೋಣ.”

ಮೂರು ಚಕ್ರಗಳು ಮೂರು ದಿನದಲ್ಲಿ ಮುಗಿದವು. ನಾಲ್ಕನೆಯದರ ವಾರ್ನಿಶ್ ತೆಗೆದು ಉಪ್ಪುಕಾಗದ ಆಡಿಸುವಾಗ, ಚಕ್ರದ ಕಡ್ಡಿಯೊಂದು ನಡುವಿನ ಬಟ್ಟಲಿಗೆ ಕೂಡುವ ಬುಡದಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಕಂಡಿತು. ಒರೆಸಿದಳು, ಹೋಗಲಿಲ್ಲ. ಇನ್ನಷ್ಟು ಉಜ್ಜಿದಳು, ಹೋಗಲಿಲ್ಲ. ಯಂತ್ರ ನಿಲ್ಲಿಸಿ ತಮ್ಮನನ್ನೂ, ಅಂದು ಕೆಲಸ ನೋಡಲು ಬಂದಿದ್ದ ಡಾಕ್ಟರಮ್ಮನನ್ನೂ ಕರೆದಳು.

“ಗೀರು ಅಷ್ಟೇ,” ಅಂದ ತಮ್ಮ.

“ನೋಡೋಣ.” ಆ ಜಾಗಕ್ಕೆ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟಳು. ಚೊಕ್ಕವಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದಳು. ಪಾತ್ರೆಯಲ್ಲಿ ಸೋರಿಕೆ ಹುಡುಕಲು ಕಾರ್ಖಾನೆಯ ಹಳೆಯ ಮೇಸ್ತ್ರಿ ಹೇಳಿಕೊಟ್ಟಿದ್ದ ಉಪಾಯ ಅದು. ಮೂವರೂ ಬಗ್ಗಿ ನೋಡುತ್ತಿದ್ದಂತೆ ಬಿಳಿ ಪುಡಿಯ ಮೇಲೆ ಒದ್ದೆಯ ಗೆರೆಯೊಂದು ಮೆಲ್ಲಗೆ ಮೂಡಿತು, ಹೆಬ್ಬೆರಳಿನಷ್ಟು ಉದ್ದ. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಹೊರಬಂದಿತ್ತು.

“ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?” ಅಂದಳು ಕನ್ನಡಿ ಅಕ್ಕ. “ಇದನ್ನ ನಾನು ಉಜ್ಜಲ್ಲ.”

“ವೆಲ್ಡಿಂಗ್ ಹಾಕಿಸಿದ್ರಾಯ್ತಪ್ಪ,” ತಮ್ಮ ಗೊಣಗಿದ. “ಮೇಲೆ ಪಾಲಿಶ್ ಬಿದ್ರೆ ಯಾರಿಗೂ ಗೊತ್ತಾಗಲ್ಲ.”

“ಗುಡ್ಡದ ತಿರುವಿಗೆ ಗೊತ್ತಾಗುತ್ತೆ.”

ಡಾಕ್ಟರಮ್ಮನ ಮುಖ ಕೆಂಪಾಯಿತು. “ನಮ್ಮಪ್ಪ ಇಪ್ಪತ್ತು ವರ್ಷ ಓಡಿಸಿದ ಚಕ್ರ ಇದು. ಇನ್ನೊಂದೇ ಒಂದು ದಿನ ತಡ್ಕೊಳ್ಳಲ್ವಾ? ಓಟಕ್ಕೆ ಐದು ದಿನ ಇದೆ, ಈಗ ಹೀಗಂದ್ರೆ ನಾನೇನ್ ಮಾಡ್ಲಿ?”

ಕನ್ನಡಿ ಅಕ್ಕ ದನಿ ಏರಿಸಲಿಲ್ಲ. “ಬಿರುಕು ಬಿಟ್ಟ ಹಲ್ಲು ಇಟ್ಕೊಂಡು ಯಾರಾದ್ರೂ ಬಂದು, ಮೇಲೊಂದಿಷ್ಟು ಬಿಳುಪು ಮಾಡಿ ಕಳ್ಸಿ ಅಂದ್ರೆ, ನೀವು ಕಳಿಸ್ತೀರಾ?”

ಡಾಕ್ಟರಮ್ಮ ಸ್ಟೂಲಿನ ಮೇಲೆ ಕೂತು, “ಇಲ್ಲ,” ಅಂದರು.

“ಹಾಗಿದ್ರೆ ನಾಳೆ ಸಂಜೆಯೊಳಗೆ ಇದರ ಜೊತೆಯದನ್ನ ತರ್ತೀನಿ. ಇಂಥ ಚಕ್ರ ಆಗಿನ ಕಾಲದಲ್ಲಿ ಒಂದೇ ಒಂದು ಮಾಡಿರಲ್ಲ.”

ಮರುದಿನ ಬೆಳಗ್ಗೆ ಗುಜರಿ ಅಂಗಳಕ್ಕೆ ಹೊರಟಾಗ ಆಕೆಯ ಚೀಲದಲ್ಲಿ ಅಳತೆ ಪಟ್ಟಿ, ಸೀಮೆಎಣ್ಣೆ ಬಾಟಲಿ, ಸೀಮೆಸುಣ್ಣದ ಪುಡಿ ಇದ್ದವು. ಹೊಂದುವ ಚಕ್ರಗಳು ಮೂರು ಸಿಕ್ಕವು. ಒಂದರ ಬೋಲ್ಟಿನ ತೂತು ಸವೆದಿತ್ತು. ಇನ್ನೊಂದು ಸುಣ್ಣದ ಪರೀಕ್ಷೆಯಲ್ಲಿ ಬಿದ್ದಿತು. ಮೂರನೆಯದರ ಅಂಚನ್ನು ಯಾವನೋ ಫುಟ್‌ಪಾತಿಗೆ ಉಜ್ಜಿ ಉಜ್ಜಿ ಕುರಿ ಮೇಯ್ದ ಹಾಗೆ ಮಾಡಿದ್ದ, ಮೈ ಮಾತ್ರ ಗಟ್ಟಿ. ಆ ಗಾಯವನ್ನು ಅರದಿಂದ ಸಮಮಾಡಿ, ಕಾಗದ ಹಿಡಿದು, ಬಿಲ್ಲೆ ಓಡಿಸಿ, ಎರಡು ದಿನದಲ್ಲಿ ಮಿಕ್ಕ ಮೂರರ ಪಕ್ಕ ನಿಲ್ಲಿಸಿದಳು. ಬೇರೆ ಮನೆಯಿಂದ ಬಂದದ್ದು ಯಾವುದೆಂದು ತಮ್ಮ ಎರಡು ಸಲ ತಪ್ಪು ಹೇಳಿದ.

ಟೈರಿನ ವಿಷಯಕ್ಕೆ ಇನ್ನೊಂದು ಜಗಳವಾಯಿತು. ಡಾಕ್ಟರಮ್ಮನ ಕಣ್ಣು ಗೋಡೆಗೆ ನೇತುಹಾಕಿದ್ದ ಅಗಲದ ಜೋಡಿಯ ಮೇಲೆಯೇ ಇತ್ತು. “ಅದನ್ನೇ ಕೊಡೋಣ,” ಅಂದ ತಮ್ಮ. ಕನ್ನಡಿ ಅಕ್ಕ ಒಂದನ್ನು ಇಳಿಸಿ, ಟೈರಿನ ಪಕ್ಕೆಯಲ್ಲಿ ಅಚ್ಚೊತ್ತಿದ್ದ ನಾಲ್ಕು ಅಂಕಿಗಳನ್ನು ಬೆರಳಿಟ್ಟು ತೋರಿಸಿದಳು. “ಇದು ತಯಾರಾದ ವಾರ, ಇದು ವರ್ಷ. ಐದು ವರ್ಷದಿಂದ ಗೋಡೆ ಕಾಯ್ತಾ ಇದೆ. ಉಗುರು ಊರಿ ನೋಡಿ, ರಬ್ಬರ್ ಒಣಗಿ ಕಲ್ಲಾಗಿದೆ.”

“ಅಕ್ಕಾ,” ತಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದ, “ನೀನು ನನ್ನ ಅಕ್ಕನೋ, ಎದುರಂಗಡಿಯವನ ಅಕ್ಕನೋ?”

ಡಾಕ್ಟರಮ್ಮ ಜೋರಾಗಿ ನಕ್ಕುಬಿಟ್ಟರು. ಆದರೂ ಅಗಲದ ಆಸೆ ಬಿಡಲಿಲ್ಲ. ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ ಎಂದು ಕನ್ನಡಿ ಅಕ್ಕ ಅದನ್ನೇ ಒಂದು ಚಕ್ರಕ್ಕೆ ತೊಡಿಸಿ ಕಾರಿಗೆ ಕೂರಿಸಿದಳು. “ಸ್ಟೇರಿಂಗ್ ಪೂರ್ತಿ ತಿರುಗಿಸಿ.” ತಿರುಗಿಸಿದರು. ಟೈರು ಮಡ್‌ಗಾರ್ಡಿಗೆ ತಗುಲಿ ಕರ್ ಎಂದಿತು.

“ಬೆಳಗ್ಗೆ ಆ ಗುಡ್ಡದ ರಸ್ತೆ ಹೇಗಿರುತ್ತೆ?” ಎಂದು ಕೇಳಿದಳು.

“ಕೆಳಗೆ ಒಣಗಿರುತ್ತೆ. ಮೇಲಿನ ಆರು ತಿರುವು ಮರದ ನೆರಳು, ಇಬ್ಬನಿ ಬಿದ್ದು ಒದ್ದೆ.”

“ಹಾಗಿದ್ರೆ ಈಗಿರೋದಕ್ಕಿಂತ ಒಂದೇ ಅಳತೆ ಅಗಲ. ಮೆತ್ತನೆ ರಬ್ಬರು, ನೀರು ಆಚೆ ತಳ್ಳೋ ಆಳದ ಗೆರೆಗಳು. ಮೊದಲು ಒಂದಿಷ್ಟು ದೂರ ಮೆಲ್ಲಗೆ ಓಡಿಸಿ. ಹೊಸ ಟೈರು ಹೊಸ ಚಪ್ಪಲಿ ಇದ್ದಂಗೆ, ರಸ್ತೆ ಪರಿಚಯ ಆಗ್ಬೇಕು.”

ಓಟದ ಹಿಂದಿನ ದಿನ ಡಾಕ್ಟರಮ್ಮ ಅಂಗಡಿ ಮುಂದೆ ಕಾರು ನಿಲ್ಲಿಸಿ, “ಹತ್ತಿ ಅಕ್ಕಾ” ಅಂದರು. ಆರು ವರ್ಷದಲ್ಲಿ ನೂರಾರು ಚಕ್ರ ಉಜ್ಜಿದ್ದರೂ ಅವು ತಿರುವಿನಲ್ಲಿ ಹೇಗೆ ಓಡುತ್ತವೆಂದು ಒಳಗೆ ಕೂತು ನೋಡಿದವಳಲ್ಲ. ಮೊದಲ ತಿರುವಿಗೆ ಸೀಟು ಗಟ್ಟಿಯಾಗಿ ಹಿಡಿದಳು. ಎರಡನೆಯದಕ್ಕೆ ಕೈ ಬಿಟ್ಟಳು. ಟೈರು ರಸ್ತೆಯನ್ನು ಕಚ್ಚಿ ಹಿಡಿಯುವುದು ಬೆನ್ನುಮೂಳೆಗೇ ತಿಳಿಯುತ್ತಿತ್ತು. ನೆರಳಿನ ಒದ್ದೆ ತಿರುವುಗಳಲ್ಲೂ ಕಾರು ಜಾರಲಿಲ್ಲ. ಮೇಲೆ ತಲುಪಿದಾಗ, “ಹೇಗಿತ್ತು?” ಎಂದು ಡಾಕ್ಟರಮ್ಮ ಕೇಳಿದರು.

“ಐದನೇ ತಿರುವಲ್ಲಿ ನೀವು ಸುಮ್ಸುಮ್ನೆ ಬ್ರೇಕ್ ಹಾಕಿದ್ರಿ. ಟೈರು ಕೇಳಿರ್ಲಿಲ್ಲ.”

ಸ್ಪರ್ಧೆಯಲ್ಲಿ ಡಾಕ್ಟರಮ್ಮ ಎರಡನೆಯವರಾಗಿ ಬಂದರು. ಮೊದಲು ಬಂದವನ ಕಾರು ಇವರದರ ಅರ್ಧ ವಯಸ್ಸಿನದು. ಬಿರುಕಿನ ಚಕ್ರವನ್ನು ಅವರು ಗುಜರಿಗೆ ಹಾಕಲಿಲ್ಲ. ಚಿಕಿತ್ಸೆಯ ಕೋಣೆಯ ಹೊರಗೆ, ಕಾಯುವವರ ಕುರ್ಚಿಗಳ ಎದುರಿನ ಗೋಡೆಗೆ ತಂದೆಯ ಫೋಟೋದ ಪಕ್ಕ ತೂಗುಹಾಕಿದರು.

ಅಲ್ಲಿ ಕಾಯುತ್ತ ಕೂತವರು ಅದರ ಕಥೆ ಕೇಳಿ ಒಬ್ಬೊಬ್ಬರಾಗಿ ಶೆಡ್ಡಿಗೆ ಬರತೊಡಗಿದರು. ಬಂದವರೆಲ್ಲ ಮೊದಲು ಸುಣ್ಣದ ಪರೀಕ್ಷೆ ಮಾಡಿ ಎನ್ನುತ್ತಿದ್ದರು, ಹೊಳಪಿನ ಮಾತು ಆಮೇಲೆ. ತಿಂಗಳು ತುಂಬುವುದರೊಳಗೆ ತಮ್ಮನೇ ಪೇಂಟರನ್ನು ಕರೆಸಿದ. “ಅಕ್ಕಾ, ಬೋರ್ಡಿನಲ್ಲಿ ಟೈರ್ ಅಂಗಡಿ ಅನ್ನೋದರ ಕೆಳಗೆ ನಿನ್ನ ಹೆಸರೂ ಬರೆಸ್ತೀನಿ.”

“ಕೆಳಗೆ ಯಾಕೆ?” ಕೈಯ ಕಪ್ಪು ಒರೆಸಿಕೊಳ್ಳುತ್ತ ಆಕೆ ಹೊರಗೆ ಬಂದಳು. “ಚಕ್ರ ಇಲ್ದೆ ಟೈರನ್ನ ಎಲ್ಲಿಗೆ ಹಾಕ್ತೀಯ? ಮೇಲೆ ಬರೆಸು.”

ಪೇಂಟರು ತಮ್ಮನ ಮುಖ ನೋಡಿದ. ತಮ್ಮ ತಲೆ ಕೆರೆದುಕೊಂಡು, ಏಣಿಯಲ್ಲಿ ಇನ್ನೆರಡು ಮೆಟ್ಟಿಲು ಮೇಲಕ್ಕೆ ಹತ್ತು ಎಂದು ಸನ್ನೆ ಮಾಡಿದ.