ಕಡ್ಡಿ ಜೋಡಿಸಿ ಕಲಿಸಿದ ಮೇಡಂ

ಗೋಡೆ ಗಡಿಯಾರದಲ್ಲಿ ರೋಮನ್ ಅಂಕಿ ಕಂಡಾಗಲೆಲ್ಲ, ತೊಂಬತ್ತರ ದಶಕದಲ್ಲಿ ಗುಂಡ್ಲುಪೇಟೆಯಿಂದ ಹಂಗಳದ ನಮ್ಮ ಶಾಲೆಗೆ ಬಸ್ಸಿನಲ್ಲಿ ಬರುತ್ತಿದ್ದ ಲೆಕ್ಕದ ಮೇಡಂ ನೆನಪಾಗುತ್ತಾರೆ. ಆ ಅಂಕಿಗಳನ್ನು ಅವರು ಪೊರಕೆಕಡ್ಡಿ ಜೋಡಿಸಿ ಕಲಿಸಿದರು. ಯಾರಾದರೂ ತಡವರಿಸಿದರೆ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲೇ ಕೂತು, "ಹೆದರಬೇಡಿ, ಬರೀ ಕಡ್ಡಿ ಕಣ್ರಮ್ಮ" ಎನ್ನುತ್ತಿದ್ದರು.

ಒಂದು ದಿನ ಪಾಠದ ನಡುವೆಯೇ ನನ್ನಜ್ಜಿ ಬಂದಳು. "ಓದಿದ್ದು ಸಾಕು, ಕಳೆ ಕೀಳಕ್ಕೆ ಓಗನ, ಏಳಮ್ಮಿ" ಎಂದಳು. ಮೇಡಂ ವಾದಿಸಲಿಲ್ಲ. ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ, ಎರಡು ಕಡ್ಡಿ ಕೊಟ್ಟು, "ಒಂದರ ಮೇಲೊಂದು ಅಡ್ಡ ಇಡಿ ಅವ್ವ, ಅದೇ ಹತ್ತು" ಎಂದರು.

ಎಂದೂ ಬಳಪ ಹಿಡಿಯದ ಅಜ್ಜಿ ಹಾಗೇ ಅಡ್ಡಡ್ಡ ಇಟ್ಟು ನೋಡಿದಳು. ಆಮೇಲೆ ತಾನೇ ಇನ್ನೊಂದು ಕಡ್ಡಿ ಎತ್ತಿ ಬಲಕ್ಕಿಟ್ಟು, "ಅಂಗಾರೆ ಇದು ಅನ್ನೊಂದಾ?" ಎಂದಳು. ಮೇಡಂ ನಗುತ್ತ ತಲೆಯಾಡಿಸಿದರು.

"ಇವ್ಳು ಇಲ್ಲೇ ಇರ್ಲಿ ಬುಡಿ, ಕಳೆ ನಾನೇ ಕಿತ್ಕತೀನಿ" ಎಂದು ಅಜ್ಜಿ ಎದ್ದಳು. ಅವಳು ರಸ್ತೆ ದಾಟಿ ಮರೆಯಾಗುವವರೆಗೂ ಮೇಡಂ ಬಾಗಿಲಲ್ಲೇ ನಿಂತಿದ್ದರು.