ಒಣಗಿದ ನೆಲಕ್ಕೊಂದು ಚೆಂಬು ನೀರು

ಯಾರಾದರೂ ಮಿಂದು ಹೊರಗೆ ಬಂದ ಕೂಡಲೇ ಬಚ್ಚಲಿನೊಳಗೆ ಇಣುಕಿ ನೋಡುವ ಚಾಳಿ ನನ್ನನ್ನು ಈಗಲೂ ಬಿಟ್ಟಿಲ್ಲ. ನೆಲ ಒದ್ದೆಯಾಗಿ ಹೊಳೆಯುತ್ತಿದ್ದರೆ ಸಾಕು, ಸೊಂಟ ತಾನಾಗಿಯೇ ನೋಯಲು ಶುರು ಮಾಡುತ್ತದೆ. ಒರೆಸಬೇಕಾಗಿಲ್ಲ, ಕೇಳುವವರಿಲ್ಲ, ಬೀಳುವವರೂ ಇಲ್ಲ. ಆದರೂ ಕೈ ಗೋಡೆಯ ಮೂಲೆಯಲ್ಲಿ ಅಡಿಕೆ ಹಾಳೆಯ ತುಂಡನ್ನು ಹುಡುಕುತ್ತದೆ. ಬದುಕಿನ ಒಳ್ಳೆಯ ವರ್ಷಗಳನ್ನು ಒಂದು ಬಚ್ಚಲಿನ ನೆಲ ಒಣಗಿಸುವುದರಲ್ಲಿ ಕಳೆದವಳು ನಾನು. ಹಾಗೆ ಹೇಳಿಕೊಳ್ಳಲು ಹೆಮ್ಮೆಯೇನೂ ಇಲ್ಲ, ಸುಸ್ತು ಮಾತ್ರ ಇದೆ.

ನನ್ನ ತವರು ಮಂಡೆಕೋಲು. ಅಲ್ಲಿ ನಮಗೆ ಬಚ್ಚಲೆಂದರೆ ಮೂರು ಕಡೆ ತಟ್ಟಿ, ಕಾಲಡಿಗೆ ಒಂದು ಒರಟು ಕಲ್ಲು, ಪಕ್ಕದಲ್ಲಿ ಒಲೆಯ ಮೇಲೆ ಕೂತ ಹಂಡೆ. ನೀರು ಎಲ್ಲಿಗೆ ಹೋಗುತ್ತದೆಂದು ಯಾರೂ ಯೋಚಿಸಿದವರಲ್ಲ, ಅದರ ಪಾಡಿಗೆ ಅದು ಕೆಸುವಿನ ಬುಡಕ್ಕೆ ಹೋಗುತ್ತಿತ್ತು. ಐವತ್ತರ ದಶಕದ ಕೊನೆಗೆ ಮದುವೆಯಾಗಿ ಪುತ್ತೂರಿಗೆ ಬಂದಾಗ ಅತ್ತೆಮನೆಯ ಬಚ್ಚಲೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ತಟ್ಟಿಯ ಬದಲು ಕೆಂಪು ಮುರಕಲ್ಲಿನ ಗೋಡೆ, ಮೇಲೆ ಹಂಚು, ಬೆಳಕಿಗೆಂದು ನಡುವೆ ಒಂದು ಕನ್ನಡಿ ಹಂಚು. ನೆಲಕ್ಕೆ ಅಗಲದ ಕಗ್ಗಲ್ಲು. ತಲೆಮಾರುಗಳ ಹಿಮ್ಮಡಿ ತಿಕ್ಕಿದರೂ ಆ ಕಲ್ಲಿನ ಒರಟು ಹೋಗಿರಲಿಲ್ಲ. ಅದರ ಮೇಲೆ ಜಾರಿ ಬಿದ್ದವರ ಸುದ್ದಿಯನ್ನು ನಾನು ಕೇಳಿದ್ದಿಲ್ಲ.

ನಮ್ಮವರದ್ದು, ಎಂದರೆ ನನ್ನ ಗಂಡನದ್ದು, ಪೇಟೆಯಲ್ಲಿ ಜವಳಿ ಅಂಗಡಿ. ಒಮ್ಮೆ ಮಂಗಳೂರಿಗೆ ಹೋದವರು ಅಲ್ಲಿ ಯಾರದೋ ಹೊಸ ಮನೆಯ ಬಚ್ಚಲು ನೋಡಿ ಬಂದರು. ಅವತ್ತಿನಿಂದ ಅವರಿಗೆ ಊಟ ರುಚಿಸಲಿಲ್ಲ. ಅರವತ್ತರ ದಶಕ ಶುರುವಾಗುವಷ್ಟರಲ್ಲಿ ನಮ್ಮ ಕಗ್ಗಲ್ಲನ್ನು ಎಬ್ಬಿಸಿ ದನದ ಹಟ್ಟಿಯ ಹಿಂದೆ ಹಾಕಿಯಾಗಿತ್ತು. ಅದರ ಜಾಗಕ್ಕೆ ಬೆಣ್ಣೆಯಂತೆ ನುಣುಪಾದ ಬಿಳಿ ಟೈಲ್ಸ್ ಬಂತು, ನೆಲಕ್ಕೂ ಎದೆಯೆತ್ತರದ ಗೋಡೆಗೂ. ಮೂಲೆಯ ಹಂಡೆಯೊಲೆ ಮಾತ್ರ ಹಾಗೇ ಉಳಿಯಿತು. ಕಿಟಕಿಗೆ ದೊಡ್ಡ ಗಾಜು ಕೂತಿತು. ಹೊರಗೆ ಕಟ್ಟೆಯ ಮೇಲೊಂದು ಡ್ರಮ್ಮು, ಅದರಿಂದ ಒಳಗೆ ಪೈಪು, ಪೈಪಿನ ತುದಿಗೆ ತೂತು ತೂತಿನ ಶವರು. ಡ್ರಮ್ಮಿಗೆ ನೀರು ಬಾವಿಯಿಂದ ತಾನಾಗಿ ಹತ್ತುತ್ತದೆಯೇ? ಸೇದಿ ತುಂಬಲು ನಾನಿದ್ದೆನಲ್ಲ. ಸುಳ್ಯ, ಐವರ್ನಾಡು ಕಡೆಯ ನೆಂಟರು ಬಂದರೆ ಕೈಕಾಲು ತೊಳೆಯುವ ಮೊದಲೇ ಅವರನ್ನು ಬಚ್ಚಲು ನೋಡಲು ಕರೆದುಕೊಂಡು ಹೋಗುತ್ತಿದ್ದರು. ನೆಂಟರೊಬ್ಬರು ಶವರಿನ ತಿರುಪು ತಿರುಗಿಸಿ, ತಣ್ಣೀರು ನೆತ್ತಿಗೆ ಬಿದ್ದು, ಮೀಯುವ ಮೊದಲೇ ಅಂಗಿಸಮೇತ ಮಿಂದು ಹೊರಗೆ ಬಂದರು.

ಅತ್ತೆ ಮಾತ್ರ ಬಾಗಿಲಲ್ಲೇ ನಿಂತರು. ಅವರ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಕಾಲಿನ ಹೆಬ್ಬೆರಳಿನಿಂದ ನೆಲವನ್ನು ಸವರಿ ನೋಡಿ, "ಎಂತದಾ ಇದು ಮಾರಾಯ? ನೆಲ ಎಲ್ಲಿ, ಗೋಡೆ ಎಲ್ಲಿ? ಎಲ್ಲ ಒಂದೇ ಬಿಳಿ ಉಂಟು" ಎಂದರು.

"ಅಭ್ಯಾಸ ಆಗ್ತದೆ ಅಮ್ಮಾ" ಎಂದು ಮಗ ನಕ್ಕುಬಿಟ್ಟರು.

ಆಗಲಿಲ್ಲ. ತಿಂಗಳೊಳಗೆ ಅತ್ತೆ ಜಾರಿ ಬಿದ್ದರು. ಎಲುಬು ಮುರಿಯಲಿಲ್ಲ, ಮುಂಗೈ ಊದಿಕೊಂಡಿತು, ಅಷ್ಟೆ. ಆದರೆ ನಮ್ಮವರಿಗೆ ಗಾಬರಿಯಾಯಿತು. ಗಾಬರಿಯಾದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಇನ್ನೊಮ್ಮೆ ಬಿದ್ರೆ ಮತ್ತೆ ನೀವು ಒಬ್ರೇ ಮೀಯುದು ಬೇಡ. ಇವಳೇ ಒಳಗೆ ಬಂದು ಮೀಯಿಸಲಿ" ಎಂದು ತೀರ್ಪು ಕೊಟ್ಟರು.

ಅತ್ತೆ ಊದಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವರು ತಲೆಯೆತ್ತಿದರು. "ನಾನೆಂತ ಬಾಣಂತಿಯಾ, ಹೆಣವಾ, ಇನ್ನೊಬ್ರು ಮೀಯಿಸ್ಲಿಕ್ಕೆ?"

ಕಣ್ಣು ಹೋದ ಮೇಲೆ ಅವರ ಕೈಯಿಂದ ಒಂದೊಂದೇ ಕೆಲಸ ಜಾರಿತ್ತು. ಹೂ ಕಟ್ಟುವುದು ಹೋಯಿತು, ತರಕಾರಿ ಹೆಚ್ಚುವುದು ಹೋಯಿತು, ಅನ್ನ ಬಡಿಸುವುದೂ ಹೋಯಿತು. ಬಾಗಿಲು ಹಾಕಿಕೊಂಡು ತಮ್ಮ ಮೈಯನ್ನು ತಾವೇ ತೊಳೆದುಕೊಳ್ಳುವುದೊಂದು ಉಳಿದಿತ್ತು. ಅದೂ ಹೋದರೆ ಅವರು ಬದುಕಿ ಉಳಿಯುವ ಹೆಂಗಸಲ್ಲ ಎಂದು ನನಗೆ ಆ ಹೊತ್ತಿಗೇ ಗೊತ್ತಾಯಿತು. ಹಾಗಾಗಿ ನೆಲ ಒಣಗಿಸುವ ಕೆಲಸ ನನ್ನ ತಲೆಗೆ ಬಂತು.

ಅದು ಹೇಳಿದಷ್ಟು ಸುಲಭವಲ್ಲ. ಬೆಳಿಗ್ಗೆ ನಮ್ಮವರು ಶವರಿನ ಕೆಳಗೆ ನಿಂತು ಸಾಬೂನಿನ ನೊರೆಯನ್ನು ನಾಲ್ಕೂ ಗೋಡೆಗೆ ಹಾರಿಸಿ ಅಂಗಡಿಗೆ ಹೋಗುವರು. ಆಮೇಲೆ ನಾನು ಸೀರೆ ಎತ್ತಿ ಕಟ್ಟಿ ಒಳಗೆ ಹೋಗುತ್ತಿದ್ದೆ. ತವರಿನಲ್ಲಿ ಅಂಗಳಕ್ಕೆ ಸೆಗಣಿ ಬಳಿಯಲು ಅಡಿಕೆ ಹಾಳೆಯ ತುಂಡು ಹಿಡಿದು ಬೆಳೆದ ಕೈ ಇದು. ಅದೇ ಹಾಳೆಯನ್ನು ಅಂಚು ನೇರವಾಗುವಂತೆ ಕತ್ತಿಯಿಂದ ಕೊಯ್ದು, ಗೋಡೆಯ ಮೇಲಿಂದ ಕೆಳಕ್ಕೆ ನೀರನ್ನು ಎಳೆಯುತ್ತಿದ್ದೆ. ಮತ್ತೆ ನೆಲದ ನೀರನ್ನು ತೂಬಿನ ಕಡೆಗೆ ಎಳೆಯುವುದು. ಆಮೇಲೆ ಮೈ ಒರೆಸುವ ಹಳೆಯ ಬೈರಾಸಿನಿಂದ ಮಂಡಿಯೂರಿ ಒರೆಸುವುದು. ಕಿಟಕಿಯ ಗಾಜನ್ನು ಅಂಗಡಿಯಿಂದ ಬಂದ ಹಳೆಯ ಪೇಪರಿನಿಂದ ಉಜ್ಜುವುದು. ನಮ್ಮ ಬಾವಿಯ ನೀರಿಗೆ ಮುರಕಲ್ಲಿನ ಕೆಂಪು. ಎರಡು ದಿನ ಬಿಟ್ಟರೆ ಟೈಲ್ಸಿನ ಸಂದಿನಲ್ಲಿ ಯಾರೋ ಎಲೆಯಡಿಕೆ ಉಗಿದ ಹಾಗೆ ಕಲೆ ಕೂರುತ್ತಿತ್ತು. ಅದಕ್ಕೆ ಬಿಂಬುಳಿ ಕಾಯಿ ಜಜ್ಜಿ ತಿಕ್ಕಬೇಕು. ಬಿಂಬುಳಿಯ ಹುಳಿ ಕೈಯ ಗಾಯಕ್ಕೆ ತಾಗಿದರೆ ಜೀವ ಹೋದಂತಾಗುತ್ತಿತ್ತು. ಮಳೆಗಾಲದಲ್ಲಿ ಒರೆಸಿದ ಬೈರಾಸೇ ಒಣಗುವುದಿಲ್ಲ, ಇನ್ನು ನೆಲ ಒಣಗುತ್ತದೆಯೇ? ಹಂಡೆಯೊಲೆಯ ಕೆಂಡವನ್ನು ಮುಂದಕ್ಕೆಳೆದು ಬೈರಾಸನ್ನು ಬಿಸಿ ಮಾಡಿ ಒರೆಸಿದ್ದೂ ಉಂಟು. ಸಂಜೆ ನಮ್ಮವರು ಬಂದು ಗಾಜಿನ ಮೇಲೆ ಒಂದು ಬೆರಳು ಎಳೆದು, ಆ ಬೆರಳನ್ನು ನೋಡಿಕೊಳ್ಳುತ್ತಿದ್ದರು. ಆ ಬೆರಳನ್ನು ಕಂಡರೆ ನನಗಾಗುತ್ತಿರಲಿಲ್ಲ.

ಇಷ್ಟೆಲ್ಲ ಒಣಗಿಸಿದ ಮೇಲೆ ಅತ್ತೆಯ ಕೈಹಿಡಿದು ಬಾಗಿಲ ತನಕ ಬಿಡುತ್ತಿದ್ದೆ. ಅವರು ಒಳಗೆ ಹೋಗಿ ಅಗಳಿ ಹಾಕಿಕೊಳ್ಳುತ್ತಿದ್ದರು. ಆದರೂ ಒಂದು ದಿನ ಒಳಗಿನಿಂದ "ಅಯ್ಯೋ" ಎಂದದ್ದು ಕೇಳಿಸಿತು. ಅಗಳಿ ತೆಗೆಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬೀಳಲಿಲ್ಲ. ಜಾರಿದಾಗ ಹಂಡೆಯ ಅಂಚು ಹಿಡಿದಿದ್ದರು, ಅಂಗೈ ಸುಟ್ಟಿತ್ತು.

"ಅವನಿಗೆ ಹೇಳ್ಬೇಡ ಮಗಾ" ಎಂದರು. ಸುಟ್ಟ ಕೈಯನ್ನು ನನಗೆ ಕೊಡುವ ಮೊದಲು ಆ ಮಾತು.

ಒಲೆಯ ಹತ್ತಿರ ಕೈ ತಾಗಿತು ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದೆವು. ನಮ್ಮವರು ನಂಬಿದರೋ ಇಲ್ಲವೋ. ನನ್ನ ಕಡೆ ತಿರುಗಿ, "ನೆಲ ಸರಿ ಒರೆಸ್ಲಿಕ್ಕೆ ನಿನಗೆಂತ ಧಾಡಿ?" ಎಂದರು. ನನ್ನ ಮೊಣಕಾಲ ಚರ್ಮ ದಪ್ಪವಾಗಿ ಕಪ್ಪಾಗಿತ್ತು. ಅದನ್ನು ತೋರಿಸೋಣವೆನಿಸಿತು, ಸೀರೆಯನ್ನು ಇನ್ನಷ್ಟು ಕೆಳಕ್ಕೆಳೆದುಕೊಂಡೆ. ಮೈಯೆಲ್ಲ ಉರಿದುಹೋಯಿತು. ನಾನು ಒರೆಸಿದ ನೆಲದಲ್ಲಿ ಇರುವೆ ಕೂಡ ಜಾರುವ ಹಾಗಿರಲಿಲ್ಲ. ಹಾಗಾದರೆ ನೀರು ಎಲ್ಲಿಂದ ಬರುತ್ತದೆ?

ಮರುದಿನ ಅತ್ತೆಯನ್ನು ಒಳಗೆ ಬಿಟ್ಟು ನಾನು ಗೋಡೆಯ ಹಿಂದೆ ಹೋಗಿ, ತೂಬಿನ ನೀರು ಬೀಳುವ ಬಾಳೆಬುಡದಲ್ಲಿ ನಿಂತೆ. ಅಗಳಿ ಬಿದ್ದ ಸದ್ದು. ಹಿಂದೆಯೇ ಬಾಗಿಲ ಬದಿಯ ಬಾಲ್ದಿಯಿಂದ ಚೆಂಬಿನಲ್ಲಿ ನೀರು ತೋಡಿ ಚೆಲ್ಲಿದ ಸದ್ದು. ಸೀರೆ ಬಿಚ್ಚುವಷ್ಟೂ ಹೊತ್ತಾಗಿಲ್ಲ, ತೂಬಿನಿಂದ ನೀರು ಬಂದೇ ಬಂತು. ಇನ್ನೊಬ್ಬರು ಮಿಂದ ನೆಲಕ್ಕೆ ಒಂದು ಚೆಂಬು ನೀರು ಹಾಕದೆ ಕಾಲಿಡಬಾರದು. ಇದು ನನ್ನ ಅಜ್ಜಿಗೂ ಗೊತ್ತು, ಅಮ್ಮನಿಗೂ ಗೊತ್ತು, ನನಗೂ ಗೊತ್ತು. ನಾನೂ ದಿನಾ ಹಾಕುತ್ತೇನೆ, ಯೋಚಿಸದೆ ಹಾಕುತ್ತೇನೆ. ಮೂಳೆ ಮುರಿಯುವಷ್ಟು ದುಡಿದು ನಾನು ಒಣಗಿಸಿದ ನೆಲಕ್ಕೆ ಅತ್ತೆ ಎಲ್ಲಕ್ಕಿಂತ ಮೊದಲು ನೀರು ಹಾಕಿ, ಆ ನೀರಿನ ಮೇಲೆ ನಡೆದುಹೋಗುತ್ತಿದ್ದರು.

ಮೀಯುವುದು ಮುಗಿದ ಮೇಲೆ ಕೇಳಿದೆ. "ಅತ್ತೆ, ನೆಲಕ್ಕೆ ನೀರು ಹಾಕ್ಲೇಬೇಕಾ? ನಾನು ಶುದ್ಧ ಮಾಡಿಯೇ ಇಟ್ಟಿರ್ತೇನಲ್ಲ."

"ನೀನು ಒರೆಸುದು ಎಂತದ್ರಲ್ಲಿ? ಉಟ್ಟುಬಿಟ್ಟ ಬೈರಾಸಲ್ಲಿ. ಅದು ಶುದ್ಧವಾ?" ಎಂದರು. ಸಿಟ್ಟಿನಿಂದಲ್ಲ, ಮಕ್ಕಳಿಗೆ ಹೇಳಿಕೊಡುವ ಹಾಗೆ. "ನೀರು ಹಾಕದೆ ನಿಂತ್ರೆ ಮಿಂದ ಹಾಗೆ ಆಗುದಿಲ್ಲ ಮಾರಾಯ್ತಿ."

ನಮ್ಮವರಿಗೆ ಹೇಳಿದರೆ ಅವತ್ತೇ ಅಗಳಿ ಕಿತ್ತುಹಾಕುತ್ತಿದ್ದರು. ನೀರು ಹಾಕಬೇಡಿ ಎಂದು ಹಟ ಮಾಡಿದರೆ ಅತ್ತೆ ಮೀಯುವುದನ್ನೇ ಬಿಡುತ್ತಿದ್ದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಮಂಗಳೂರಿನ ಆ ಕಾಣದ ಮನೆಯವರ ಮೇಲೂ ಬಂತು. ಸಿಟ್ಟಿನ ಭರದಲ್ಲೇ ಹಟ್ಟಿಯ ಹಿಂದೆ ಹೋದೆ. ಕಗ್ಗಲ್ಲು ಅಲ್ಲೇ ಇತ್ತು, ಕೋಳಿಗಳು ಅದರ ಮೇಲೆ ನಿಂತಿದ್ದವು. ಕೆಲಸಕ್ಕೆ ಬರುವ ಇಬ್ಬರು ಹೆಂಗಸರನ್ನು ಕರೆದು, ಹಾರೆಯಿಂದ ಮೀಟಿ, ಬಾಳೆದಿಂಡಿನ ಮೇಲೆ ಉರುಳಿಸಿಕೊಂಡು ಅದನ್ನು ಒಳಗೆ ತಂದು ಹಂಡೆಯ ಪಕ್ಕಕ್ಕೆ ಮಲಗಿಸಿದೆವು. ಇಳಿಸುವಾಗ ಟೈಲ್ಸ್ ಚಟಚಟ ಎಂದಿತು. ಆ ಸದ್ದು ನನ್ನ ಕಿವಿಗೆ ಹಿತವಾಗಿತ್ತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

"ಎಂತ ಅವಸ್ಥೆ ಮಾರಾಯ್ತಿ ಇದು!" ಎಂದು ಸಂಜೆ ನಮ್ಮವರು ತಲೆಗೆ ಕೈ ಹೊತ್ತರು.

"ಬಟ್ಟೆ ಒಗೆಯುದಕ್ಕೆ. ಮಳೆಗೆ ಹೊರಗೆ ಒಗೆಯಲಿಕ್ಕೆ ಆಗುದಿಲ್ಲ" ಎಂದೆ. ಕೆಲವು ದಿನ ನನ್ನೊಂದಿಗೆ ಮಾತು ಬಿಟ್ಟರು. ನೆಂಟರಿಗೆ ಬಚ್ಚಲು ತೋರಿಸುವುದನ್ನೂ ಬಿಟ್ಟರು. ಎರಡರಿಂದಲೂ ನನಗೆ ಉಪಕಾರವೇ ಆಯಿತು.

ಮರುದಿನ ಅತ್ತೆಗೆ, "ನೀರು ಕಲ್ಲಿಗೆ ಮಾತ್ರ ಹಾಕಿ, ಬಾಗಿಲಿಂದ ಕಲ್ಲಿನವರೆಗೆ ಒಣಗಿದ ನೆಲ ಉಂಟು" ಎಂದೆ. ಅವರು ಬಾಗಿಲಲ್ಲೇ ನಿಂತು ಬಾಲ್ದಿಯಿಂದ ಚೆಂಬು ತುಂಬಿ, ಉದ್ದಕ್ಕೆ ಕೈ ಚಾಚಿ ಕಲ್ಲಿನ ಮೇಲೆ ನೀರು ಹೊಯ್ದರು. ಆಮೇಲೆ ಕಾಲಿಟ್ಟರು. ಎರಡು ಪಾದವನ್ನೂ ಊರಿ, ಹಿಮ್ಮಡಿಯನ್ನು ಒಮ್ಮೆ ತಿಕ್ಕಿ, "ಬಂತಲ್ಲಾ ಇದು" ಎಂದು ಬಾಗಿಲು ಹಾಕಿಕೊಂಡರು. ಒಳಗಿನಿಂದ ಅವತ್ತು ಏನೋ ಗುನುಗುವುದು ಕೇಳಿಸಿತು.

ನನ್ನ ಕೆಲಸ ಕಡಿಮೆಯಾಯಿತೆಂದು ತಿಳಿಯಬೇಡಿ. ಕಲ್ಲಿನ ಅಡಿಗೆ ನೀರು ಹೋಗಿ ಪಾಚಿ, ಸುತ್ತ ಕೆಂಪು ಕಲೆ, ಒಡೆದ ಟೈಲ್ಸಿನ ಬಿರುಕಿನಲ್ಲಿ ಎರೆಹುಳು. ಬಾಗಿಲಿನಿಂದ ಕಲ್ಲಿನವರೆಗಿನ ದಾರಿಯಂತೂ ಒಂದು ಹನಿ ಇಲ್ಲದಂತೆ ಒಣಗಬೇಕು. ಜ್ವರ ಬಂದ ದಿನವೂ ಮಂಡಿಯೂರಿದೆ, ಬಸುರಿಯಾಗಿದ್ದಾಗಲೂ ಊರಿದೆ. ಕೆಲವು ದಿನ ಬೈರಾಸು ಹಿಂಡುತ್ತ, ಇದು ಎಂದು ಮುಗಿಯುತ್ತದಪ್ಪಾ ಎಂದುಕೊಂಡದ್ದು ನಿಜ. ಮುಗಿಯುವುದೆಂದರೆ ಏನೆಂದು ಯೋಚಿಸಿರಲಿಲ್ಲ. ಅತ್ತೆ ಮತ್ತೆ ಬೀಳಲಿಲ್ಲ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ, ಜಡಿಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ ಅತ್ತೆ ಎಂದಿನಂತೆ ಅಗಳಿ ಹಾಕಿಕೊಂಡು ಮಿಂದು ಬಂದರು. ಜಗಲಿಯಲ್ಲಿ ಕೂತು, "ತಲೆಗೆ ಬೈರಾಸು ಕಟ್ಟು ಮಗಾ" ಎಂದರು. ನಾನು ಬೈರಾಸು ತರುವಷ್ಟರಲ್ಲಿ ಗೋಡೆಗೆ ಒರಗಿದ್ದರು. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಉಸಿರು ಇರಲಿಲ್ಲ.

ನೆರೆಕರೆಯ ಹೆಂಗಸರು ಸೇರಿದರು. ಮೀಯಿಸಲು ಅಂಗಳದ ಬದಿಗೆ, ಸೂರಿನಡಿಗೆ ತಂದರು. ಅತ್ತೆ ತಮಗಾಗಿ ಕಾಯಿಸಿಕೊಂಡ ನೀರು ಹಂಡೆಯಲ್ಲಿ ಇನ್ನೂ ಬಿಸಿಯಿತ್ತು, ಅದನ್ನೇ ತೋಡಿ ತಂದೆ. ಅವರನ್ನು ಮಲಗಿಸುವ ಮೊದಲು ನಾನು ಒಂದು ಚೆಂಬು ನೀರನ್ನು ಆ ಜಾಗಕ್ಕೆ ಹೊಯ್ದೆ.

"ಮಳೆಗೆ ನೆನೆದು ಚಂಡಿಯಾದ ನೆಲಕ್ಕೆ ಎಂತಕ್ಕೆ ಮಾರಾಯ್ತಿ ಮತ್ತೆ ನೀರು?" ಎಂದು ಪಕ್ಕದ ಮನೆಯಾಕೆ ಕೇಳಿದರು.

ನಾನು ಚೆಂಬನ್ನು ಬಿಸಿನೀರಿಗೆ ಮತ್ತೆ ಅದ್ದಿದೆ. ಅಷ್ಟು ವರ್ಷ ಅವರು ಕಾಲಿಡುವ ನೆಲವನ್ನು ಒರೆಸಿದ್ದೆ. ಅವರ ಬೆನ್ನಿಗೆ ನಾನು ನೀರು ಹಾಕಿದ್ದು ಅದೇ ಮೊದಲು.