ಬಾಮೈದನ ಕುದುರೆಯ ಭಾರ

ರೇಸ್ ಕ್ಲಬ್ಬಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಭಾರದಪ್ಪ ಎಂದೇ. ಯಾವ ಕುದುರೆ ಎಷ್ಟು ಭಾರ ಹೊತ್ತು ಓಡಬೇಕೆಂದು ಗೊತ್ತುಮಾಡುವುದು ಅವರ ಕೆಲಸ. ಹಿಂದಿನ ಓಟಗಳಲ್ಲಿ ಕುದುರೆ ಯಾರನ್ನು ಸೋಲಿಸಿತು, ಯಾರಿಗೆ ಸೋತಿತು, ನೆಲ ಒದ್ದೆಯಿತ್ತೋ ಗಟ್ಟಿಯಿತ್ತೋ ಎಲ್ಲ ನೋಡಿ ಅಂಕ ಹಾಕುವರು. ಓಟ ಸಮಸಮವಾಗಲೆಂದು, ಅಂಕ ಏರಿದಷ್ಟೂ ಜೀನಿನಡಿ ಸೀಸದ ತುಂಡುಗಳು ಹೆಚ್ಚುತ್ತವೆ. ಚೆನ್ನಾಗಿ ದುಡಿದವನ ತಲೆಗೇ ಮತ್ತಷ್ಟು ಕೆಲಸ ಕಟ್ಟುವ ಈ ನ್ಯಾಯ ಕಚೇರಿಗಳಲ್ಲಿ ಮೊದಲಿನಿಂದಲೂ ಇದೆ. ಕುದುರೆಗಳಿಗೆ ತಡವಾಗಿ ಬಂತು, ಅಷ್ಟೆ. ಎಲ್ಲ ಕುದುರೆಗಳೂ ಒಟ್ಟಿಗೇ ಗುರಿ ಮುಟ್ಟಿದರೆ ಭಾರದಪ್ಪನವರ ಜನ್ಮ ಸಾರ್ಥಕ. ಆ ದಿನ ಬಾಜಿ ಕಟ್ಟಿದವರು ಅವರ ಚರ್ಮ ಸುಲಿಯುತ್ತಾರೆ, ಆ ಮಾತು ಬೇರೆ.

ಕಷ್ಟ ಶುರುವಾದದ್ದು ಹೆಂಡತಿಯ ತಮ್ಮ ಕುದುರೆ ಕೊಂಡಾಗ. ಕಪ್ಪು ಕುದುರೆ, ಮೈ ಕನ್ನಡಿಯಂತೆ. ಓಡಿದ ಕಡೆಯೆಲ್ಲ ಹಿಂದೆ. ಆದರೆ ಭಾರದಪ್ಪ ದುರ್ಬೀನಿನಲ್ಲಿ ಕಂಡಿದ್ದರು: ಕೊನೆಯ ತಿರುವಿನಲ್ಲಿ ಸವಾರ ಲಗಾಮು ಜಗ್ಗುತ್ತಿದ್ದ. ಸೋಲು ಪೇರಿಸಿ, ಭಾರ ಇಳಿಸಿಕೊಂಡು, ಒಂದು ದಿನ ಗೆದ್ದು ಬಾಜಿಯ ಹಣ ಬಾಚುವ ಹುನ್ನಾರ. ಪರರ ಸರಕನ್ನು ಕಳಪೆ ಎನ್ನುವುದು ಎಲ್ಲರಿಗೂ ಗೊತ್ತಿರುವ ವ್ಯಾಪಾರ. ತನ್ನದನ್ನೇ ಕಳಪೆ ಎಂದು ಸಾರುವವನ ಹತ್ತಿರ ಜೇಬು ಮುಟ್ಟಿ ನೋಡಿಕೊಳ್ಳಬೇಕು.

ಬಾಯಿಬಿಟ್ಟರೆ ಮನೆ ಕೆಡುತ್ತದೆ, ಸುಮ್ಮನಿದ್ದರೆ ಕೆಲಸ ಹೋಗುತ್ತದೆ. ಭಾರದಪ್ಪ ಯಾರಿಗೂ ಹೇಳದೆ ಮೂರು ಕಿಲೋ ಏರಿಸಿದರು.

ಬಾಮೈದ ಊಟದ ಹೊತ್ತಿಗೇ ಬಂದ.

“ಏನ್ ಭಾವ, ಸೋತು ಸುಣ್ಣವಾದ ಕುದುರೆ ಮೇಲೆ ಸೀಸದ ಗಣೀನೇ ಹೇರಿದ್ದೀರಲ್ಲ!”

“ಸೋಲೋದ್ರಲ್ಲಿ ನಿನ್ನ ಕುದುರೆ ಬಲು ಚುರುಕು ಕಣಪ್ಪ. ಅದಕ್ಕೂ ಅಂಕ ಕೊಡಬೇಕಲ್ಲ?”

“ನೋಡಕ್ಕ, ನೋಡು!”

“ನನ್ನ ತಮ್ಮನ್ನ ಕಂಡ್ರೆ ಇವರಿಗೆ ಮೊದಲಿಂದ್ಲೂ ಅಷ್ಟೆ,” ಎಂದು ಹೆಂಡತಿ ಪಾತ್ರೆ ಕುಕ್ಕಿದಳು.

ಭಾನುವಾರ ಲಗಾಮು ಸಡಿಲಿತು. ಮೂರು ಕಿಲೋ ಕುದುರೆಗೆ ಸೊಳ್ಳೆ ಕೂತಂತಾಯಿತು. ಉಳಿದವಕ್ಕೆಲ್ಲ ಧೂಳು ಕುಡಿಸಿ ಗೆದ್ದಿತು. ಸಂಜೆಯೇ ಸಮಿತಿ ಭಾವ ಬಾಮೈದ ಇಬ್ಬರನ್ನೂ ಕರೆಸಿತು.

“ನೆಂಟ ಅಂತ ಭಾರ ಕಡಿಮೆ ಹಾಕಿದ್ರಾ?” ಅಧ್ಯಕ್ಷರು ಭಾರದಪ್ಪನವರನ್ನು ಕೇಳಿದರು. “ಇಲ್ಲಾ, ಇಷ್ಟು ದಿನ ಇವರು ಕುದುರೇನ ಬೇಕಂತಲೇ ತಡೆದು ಓಡಿಸಿದ್ರಾ? ಎರಡರಲ್ಲಿ ಒಂದು ಹೇಳಿ.”

ಬಾಮೈದ ಫ್ಯಾನನ್ನು ಜನ್ಮದಲ್ಲಿ ಮೊದಲ ಸಲ ಕಂಡವನಂತೆ ಮೇಲೆ ನೋಡುತ್ತಿದ್ದ. ಭಾರದಪ್ಪ ಸಂಬಳವನ್ನೂ ಸಂಸಾರವನ್ನೂ ಮನಸ್ಸಿನಲ್ಲೇ ತೂಗಿದರು.

“ತಡೆದಿದ್ರು,” ಎಂದರು.

ಬಾಮೈದನಿಗೆ ಒಂದು ವರ್ಷ ಕ್ಲಬ್ಬಿನ ಗೇಟು ಮುಚ್ಚಿತು. ಭಾರದಪ್ಪನವರಿಗೆ ಮನೆಯ ಬಾಗಿಲು ತೆರೆದೇ ಇತ್ತು. ಅದಕ್ಕೆ ಅಡ್ಡವಾಗಿ ಹೆಂಡತಿ ನಿಂತಿದ್ದಳು.

“ಅವನು ತಡೀತಿದ್ದದ್ದು ನಿಮಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು. ಅದಕ್ಕೇ ಮೂರು ಕಿಲೋ ಹಾಕಿದ್ದು.”

“ಮೂರಂತೆ, ಮೂರು! ಇಷ್ಟು ವರ್ಷ ಅದೇ ಕೆಲಸ ಮಾಡಿ ಏನು ಕಲಿತ್ರಿ? ಆರು ಹಾಕಿದ್ರೆ ಕುದುರೆ ಸೋಲ್ತಿತ್ತು, ನನ್ನ ತಮ್ಮ ಉಳೀತಿದ್ದ!”

ಭಾರದಪ್ಪ ಚಪ್ಪಲಿ ಬಿಡುತ್ತಲೇ ಲೆಕ್ಕ ಹಾಕಿದರು. ಐದೂವರೆ ಸಾಕಿತ್ತು.